ಹಲ್ಲಿನ ಆಸ್ಪತ್ರೆಯ ಎಂಟು ಕೈಯ ಉಪವಾಸಿ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರ ಮನೆಗಳಿಗೆ ಹೋಗಿಬರುವವನಿಗೆ ಗಾಬರಿಗೇನೂ ಬರವಿಲ್ಲ. ಒಂದು ಮನೆಯ ನೆಲಕ್ಕೆ ಚೆಲ್ಲಿದ ನೀರು ಒರೆಸುವಷ್ಟರಲ್ಲಿ ಇನ್ನೊಂದು ಮನೆಯಿಂದ ಫೋನ್ ಬಂದಿರುತ್ತದೆ. 'ನೀನು ಕೊಟ್ಟ ಗೋಲ್ಡ್ ಫಿಶ್ಶು ಹೊಟ್ಟೆ ಮೇಲೆ ಮಾಡ್ಕೊಂಡು ಈಜ್ತಾ ಅದೆ, ಇದು ಹೊಸ ತಳೀನಾ?' ಎಂದು ಒಬ್ಬರು ಕೇಳುತ್ತಾರೆ. ಅದು ಸತ್ತಿದೆ ಎಂದು ಹೇಳುವುದಕ್ಕೂ ಒಂದು ನಾಜೂಕು ಬೇಕು.

ಹುಣಸೂರಿನಲ್ಲಿ ನನ್ನದೊಂದು ಅಕ್ವೇರಿಯಂ ಅಂಗಡಿ ಇದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಗೂ ಬೈಕಿನಲ್ಲಿ ಹೋಗಿ ತೊಟ್ಟಿ ತೊಳೆದು ಬರುತ್ತೇನೆ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಒಂದು ವಿಷಯವನ್ನು ಮೊದಲೇ ಬಿಡಿಸಿ ಹೇಳಬೇಕು. ನಮ್ಮ ಕಡೆ ಮನೆಗಳಲ್ಲಿ ಸಾಕುವುದೆಲ್ಲ ಸಿಹಿನೀರಿನ ಮೀನು. ಸಿಹಿನೀರು ಎಂದರೆ ಸಕ್ಕರೆ ಹಾಕಿದ ನೀರಲ್ಲ, ನಲ್ಲಿ ನೀರು. ಸಮುದ್ರದ ಜೀವಿಗಳನ್ನು ಸಾಕಲು ಉಪ್ಪುನೀರು ಬೇಕು. ಅದು ಬೇರೆಯದೇ ವಿದ್ಯೆ, ಮತ್ತು ಆ ವಿದ್ಯೆ ನನಗೆ ಬರುವುದಿಲ್ಲ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಈ ಕೆಳಗಿನ ಯಾವುದೂ ಆಗುತ್ತಿರಲಿಲ್ಲ.

೧. ಎಂಟು ಸೊಂಡಿಲು

ನಮ್ಮೂರಿನಲ್ಲಿ ಒಬ್ಬರು ಹಲ್ಲಿನ ಡಾಕ್ಟ್ರು ಇದ್ದಾರೆ. ಕೆಳಗೆ ಆಸ್ಪತ್ರೆ, ಮೇಲೆ ಮನೆ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ. ಹಲ್ಲು ಕೀಳಿಸಿಕೊಳ್ಳುವವರು ಕುರ್ಚಿಯಲ್ಲಿ ಒರಗಿ ಸೂಜಿಯನ್ನೇ ನೋಡಿ ಹೆದರುತ್ತಾರೆ, ಎದುರಿಗೆ ಬಣ್ಣದ ಸಮುದ್ರದ ಮೀನು ಓಡಾಡುತ್ತಿದ್ದರೆ ಧೈರ್ಯವಾಗಿರುತ್ತದೆ ಎಂದು ಡಾಕ್ಟ್ರಿಗೆ ಅನಿಸಿತು.

"ಸಮುದ್ರದ ತೊಟ್ಟಿ ಮಾಡೋಕೆ ಬರುತ್ತೇನ್ರೀ?" ಎಂದರು.

"ಬರುತ್ತೆ ಸಾರ್, ಅದೇನ್ ಮಹಾ" ಎಂದಿತು ನನ್ನ ಬಾಯಿ.

ಕರಾವಳಿಯಿಂದ ಹುಣಸೂರಿಗೆ ಐಸು ತುಂಬಿ ಮೀನು ತರುವ ಗಾಡಿಯ ಡ್ರೈವರ್ ನನಗೆ ಪರಿಚಯ. ಅವನಿಗೆ ಹೇಳಿ ಕುಡಿಯುವ ನೀರಿನ ಕ್ಯಾನುಗಳಲ್ಲಿ ಸಮುದ್ರದ ನೀರನ್ನೇ ತರಿಸಿದೆ. ಜೊತೆಗೆ ನಾಲ್ಕು ಕಲ್ಲು, ಒಂದಿಷ್ಟು ಚಿಪ್ಪು, ಒಂದು ದೊಡ್ಡ ಖಾಲಿ ಶಂಖ, ಎರಡು ಪಟ್ಟೆ ಮೀನು. ಮೂರನೆಯ ದಿನ ಬೆಳಿಗ್ಗೆ ಡಾಕ್ಟ್ರ ಫೋನು.

"ರೀ, ಬೇಗ ಬನ್ನಿ. ಶಂಖ ನನ್ನನ್ನ ನೋಡ್ತಾ ಇದೆ."

ಹೋಗಿ ನೋಡಿದರೆ ನಿಜ. ಶಂಖದ ಬಾಯಲ್ಲಿ ಒಂದು ಕಣ್ಣಿತ್ತು. ನಾವು ನೋಡುತ್ತಿದ್ದ ಹಾಗೆಯೇ ಕಣ್ಣಿನ ಹಿಂದಿನಿಂದ ಒಂದು ಕೈ ಬಂತು, ಆಮೇಲೆ ಇನ್ನೊಂದು, ಆಮೇಲೆ ಎಣಿಸುವುದಕ್ಕೇ ಆಗಲಿಲ್ಲ. ನಿಂಬೆಹಣ್ಣಿನಷ್ಟು ಮೈ, ಗೇಣುದ್ದದ ಕೈಗಳು. ಕಂದು ಬಣ್ಣದ್ದು ಕಲ್ಲಿನ ಮೇಲೆ ಹತ್ತಿದ ಕೂಡಲೇ ಕಲ್ಲಿನ ಬಣ್ಣಕ್ಕೆ ತಿರುಗಿ ಮಾಯವಾಯಿತು. ಪಟ್ಟೆ ಮೀನು ಎರಡೂ ಎಲ್ಲಿ ಹೋದವು ಎಂಬುದೂ ಆಗಲೇ ಗೊತ್ತಾಯಿತು.

"ಏನ್ರೀ ಇದು?" ಎಂದರು ಡಾಕ್ಟ್ರು.

ನನಗೆಲ್ಲಿ ಗೊತ್ತು? ಆದರೆ ಬರುತ್ತೆ ಎಂದವನಲ್ಲವೇ. "ಉಪ್ಪುನೀರಲ್ವಾ ಸಾರ್, ಒಂದೊಂದ್ಸಲ ಹಿಂಗಾಗುತ್ತೆ" ಎಂದೆ.

ಹೊರಗೆ ಕಾದಿದ್ದವರೆಲ್ಲ ಕೆನ್ನೆ ಹಿಡಿದುಕೊಂಡೇ ಒಳಗೆ ಬಂದರು. ಒಬ್ಬರು ನೀರು ಜೇಡ ಎಂದರು, ಇನ್ನೊಬ್ಬರು ಜಿಗಣೆ ಸಂಸಾರ ಎಂದರು. ಮೀನಿನ ಗಾಡಿಯ ಡ್ರೈವರ್‌ಗೆ ಫೋನ್ ಮಾಡಿ ವಿವರಿಸಿದೆ. "ಬೊಂಡಾಸಿನ ಸಂಬಂಧ ಇರ್ಬೇಕು ಮಾರಾಯ, ಹುರಿದ್ರೆ ಒಳ್ಳೇದಾಗ್ತದೆ" ಎಂದ. ಬೊಂಡಾಸ್ ಎಂದರೆ ಕರಾವಳಿಯವರು ತಿನ್ನುವ ಹತ್ತು ಕೈಯ ಕಡಲ ಪ್ರಾಣಿ. ಕೊನೆಗೆ ವೀರನಹೊಸಹಳ್ಳಿಯಿಂದ ದವಡೆ ನೋವಿಗೆ ಬಂದಿದ್ದ ಹಿರಿಯರೊಬ್ಬರು ಎಲ್ಲರನ್ನೂ ಸರಿಸಿ ಮುಂದೆ ಬಂದರು. ಅವರದು ನಾಗರಹೊಳೆ ಕಾಡಿನ ಅಂಚಿನ ಊರು, ಪ್ರಾಣಿಗಳ ವಿಷಯದಲ್ಲಿ ಅವರ ಮಾತಿಗೆ ತೂಕವಿದೆ. ಗಾಜಿಗೆ ಹಣೆ ಆನಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾಗಿ ಕೇಳಿದರು.

"ಸೊಂಡ್ಲೇನೋ ಎಂಟು ಅವೆ. ಆನೆ ಎಲ್ಲಪ್ಪ?"

೨. ನೀಲಿ ಉಂಗುರ

ಡ್ರೈವರ್ ಕೊಟ್ಟ ನಂಬರಿನಿಂದ ಕರಾವಳಿಯ ಕಾಲೇಜೊಂದರಲ್ಲಿ ಕಡಲಿನ ಪ್ರಾಣಿಗಳ ಪಾಠ ಮಾಡುವ ಮೇಷ್ಟ್ರು ಸಿಕ್ಕರು. ಎಂಟು ಕೈ ಎಂದ ಕೂಡಲೇ "ಆಕ್ಟೋಪಸ್" ಎಂದರು. ನಾನು ಫೋನಿಗೆ ಕೈ ಅಡ್ಡ ಹಿಡಿದು, ಮೊದಲೇ ಗೊತ್ತಿದ್ದವನ ಹಾಗೆ, "ಆಕ್ಟೋಪಸ್ ಸಾರ್" ಎಂದು ಡಾಕ್ಟ್ರಿಗೆ ಹೇಳಿದೆ.

ಮೇಷ್ಟ್ರು ಮುಂದುವರಿಸಿದರು. ಚಿಕ್ಕ ಆಕ್ಟೋಪಸ್‌ಗಳಲ್ಲಿ ಹಲವು ಜಾತಿ. ಹೆಚ್ಚಿನವು ಪಾಪದವು. ಒಂದು ಗುಂಪು ಮಾತ್ರ ಭಯಂಕರ, ಅವುಗಳ ಮೈಮೇಲೆ ನೀಲಿ ಉಂಗುರಗಳಿರುತ್ತವೆ. ಅದು ಕಚ್ಚಿದರೆ ನೋವೂ ಗೊತ್ತಾಗುವುದಿಲ್ಲ. ಉಸಿರು ನಿಲ್ಲುತ್ತದೆ, ವಿಷ ಇಳಿಸುವ ಮದ್ದಿಲ್ಲ. "ಫೋಟೋ ಕಳಿಸಿ, ನೋಡುವ" ಎಂದರು. ಕಳಿಸಿದೆ. ಅರ್ಧ ನಿಮಿಷಕ್ಕೆ ಅವರೇ ಫೋನ್ ಮಾಡಿದರು.

"ಮಾರಾಯ್ರೇ, ಯಾರೂ ಕೈ ಹಾಕ್ಬೇಡಿ! ಎಲ್ಲರೂ ಹಿಂದೆ ಸರೀರಿ! ಫೋಟೋದಲ್ಲಿ ನೀಲಿ ಉಂಗುರ ಕಾಣ್ತಾ ಉಂಟು!"

ಮೂರು ದಿನದಿಂದ ನಾನು ಮೊಳಕೈವರೆಗೆ ಕೈ ಇಳಿಸಿ ಆ ಕಲ್ಲುಗಳನ್ನು ಜೋಡಿಸುತ್ತಿದ್ದೆ. ಕಚ್ಚಿದರೆ ನೋವೂ ಗೊತ್ತಾಗುವುದಿಲ್ಲ ಎಂದರಲ್ಲ, ನನಗೂ ಏನೂ ನೋವಾಗಿರಲಿಲ್ಲ! ಅಂದರೆ ಕಚ್ಚಿರಲೇಬೇಕು. ನೇರ ಹೋಗಿ ಹಲ್ಲು ಕೀಳುವ ಕುರ್ಚಿಯ ಮೇಲೆ ಕೂತು ಕೈ ಚಾಚಿದೆ. ಡಾಕ್ಟ್ರು ದೀಪ ಬಗ್ಗಿಸಿ, ಭೂತಗನ್ನಡಿ ಹಿಡಿದು ನನ್ನ ಕೈಯಲ್ಲಿ ಕಚ್ಚಿದ ಗುರುತು ಹುಡುಕಿದರು. ಹನ್ನೊಂದು ಸಿಕ್ಕವು. ಎಲ್ಲವೂ ಸೊಳ್ಳೆಯದು ಎಂದು ಅವರು ಎಷ್ಟು ಹೇಳಿದರೂ ಹನ್ನೊಂದನೆಯದರ ಮೇಲೆ ನನಗೆ ನಂಬಿಕೆ ಬರಲಿಲ್ಲ.

ಹೆಂಡತಿಗೆ ಫೋನ್ ಮಾಡಿದೆ.

"ಅಂಗಡಿ ಬೀಗದ ಕೈ ಟಿವಿ ಹಿಂದೆ ಇಟ್ಟಿದೀನಿ. ಮೀನಿಗೆ ದಿನಕ್ಕೆ ಎರಡೇ ಸಲ ಊಟ. ನಾನು... ನಾನು ಬರ್ತೀನೋ ಇಲ್ವೋ."

"ಬರೋದಾದ್ರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ" ಎಂದು ಇಟ್ಟುಬಿಟ್ಟಳು.

ಅಷ್ಟರಲ್ಲಿ ಮೇಷ್ಟ್ರು ಮತ್ತೆ ಸಿಕ್ಕರು. ಎಷ್ಟು ಉಂಗುರ ಎಂದು ಕೇಳಿದರು. ಒಂದೇ ಎಂದೆವು. ಒಂದೇ ಇರುವ ಜಾತಿ ಇಲ್ಲ, ಹತ್ತಾರು ಇರಬೇಕು ಎಂದು ಅವರಿಗೂ ಅನುಮಾನ ಬಂತು. ನಾವು ದೂರದಿಂದ ನೋಡುತ್ತ ನಿಂತಾಗ ಆಕ್ಟೋಪಸ್ ಎದ್ದು ಮೂಲೆಗೆ ಹೋಯಿತು. ಉಂಗುರ ಅಲ್ಲೇ ಉಳಿಯಿತು! ನೀರಿನ ಕ್ಯಾನಿನ ಮುಚ್ಚಳ ಕಿತ್ತಾಗ ಸುತ್ತಲೂ ಒಂದು ನೀಲಿ ಪ್ಲಾಸ್ಟಿಕ್ ಬಳೆ ಬಿಟ್ಟುಕೊಳ್ಳುತ್ತದಲ್ಲ, ಅದು. ನಾನೇ ನೀರು ಸುರಿಯುವಾಗ ಬೀಳಿಸಿದ್ದೆ. ಅದನ್ನು ಇದು ತಬ್ಬಿಕೊಂಡು ಕೂತಿತ್ತು.

ಎರಡನೆಯ ಫೋಟೋ ನೋಡಿ ಮೇಷ್ಟ್ರು ನಿಧಾನವಾಗಿ ಉಸಿರುಬಿಟ್ಟರು. ಆಮೇಲೆ ಹೇಳಿದರು. "ಆಕ್ಟೋಪಸ್ ಯಾವ ಜಾತಿ ಅಂತ ಫೋಟೋದಲ್ಲಿ ಹೇಳೋದು ಕಷ್ಟ. ಉಂಗುರದ ಜಾತಿ ಮಾತ್ರ ಖಂಡಿತ ಗೊತ್ತಾಯ್ತು. ಇಪ್ಪತ್ತು ಲೀಟರಿಂದು."

೩. ಸೌಟು

ಹೆಸರೇನೋ ಗೊತ್ತಾಯಿತು, ಊಟ ಗೊತ್ತಾಗಲಿಲ್ಲ. ಜೀವಂತ ಏಡಿ ಕೊಡಿ ಎಂದು ಮೇಷ್ಟ್ರು ಹೇಳಿದ್ದರು. ನಾನು ಅದು ಸಿಗುವವರೆಗೆ ನಡೆಯಲಿ ಎಂದು ಅಂಗಡಿಯ ಮೀನಿನ ಕಾಳು ಹಾಕಿದೆ. ಮುಟ್ಟಲಿಲ್ಲ. ಕೋಳಿಯ ಈಲಿ, ಅಂದರೆ ಲಿವರ್, ಹಾಕಿದೆ. ಒಂದು ಕೈಯಿಂದ ಎತ್ತಿ ಪಕ್ಕಕ್ಕಿಟ್ಟಿತು, ಮದುವೆ ಮನೆಯಲ್ಲಿ ಬೇಡದ ಪಲ್ಯವನ್ನು ಎಲೆಯ ಅಂಚಿಗೆ ಸರಿಸುವ ಹಾಗೆ.

ಪಟ್ಟೆ ಮೀನು ನುಂಗಿ ನಾಲ್ಕು ದಿನವಾಗಿತ್ತು. ಸೋಮವಾರ ಮಧ್ಯಾಹ್ನ ಡಾಕ್ಟ್ರ ತಾಯಿ ಮೇಲಿನಿಂದ ಇಳಿದು ಬಂದರು. ಅವರನ್ನು ನಾವೆಲ್ಲ ಅವ್ವ ಎಂದೇ ಕರೆಯುವುದು. ಎಚ್.ಡಿ. ಕೋಟೆ ಕಡೆಯ ಬೇಸಾಯದ ಮನೆಯಿಂದ ಬಂದವರು, ಎಪ್ಪತ್ತರ ಮೇಲೆ ವಯಸ್ಸು, ಸಕ್ಕರೆ ಕಾಯಿಲೆ ಬೇರೆ.

"ಇದೇನ್ ತಿಂತದೆ?" ಎಂದರು.

"ನಾಲ್ಕು ದಿನದಿಂದ ಏನೂ ತಿಂದಿಲ್ಲವ್ವ" ಎಂದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಅವ್ವನ ಮುಖ ಬದಲಾಯಿತು. "ನಾಕು ದಿವ್ಸ? ಮನೇಲಿ ಒಂದು ಮೂಕಜೀವ ಹಸ್ಕೊಂಡಿದ್ರೆ ನಾನು ಮೇಲೆ ಕೂತ್ಕಂಡು ಮೂರೊತ್ತು ಉಣ್ತಾ ಇವ್ನಿ. ನಮ್ಮತ್ತೆ ಕೊಟ್ಟಿಗೇಲಿ ಹಸ ಮೇವು ಬುಟ್ರೆ ಒಲೇನೇ ಹಚ್ಚಕ್ ಬುಡ್ತಿರ್ಲಿಲ್ಲ. ಇದು ಬಾಯಿಗೆ ಏನಾರ ಹಾಕೊಳ್ಳೋವರ್ಗೂ ನಾನೂ ಉಣ್ಣಕ್ಕಿಲ್ಲ."

ಈ ಪದ್ಧತಿಯನ್ನು ತಿಳಿಯದವರಿಗೆ ಹೇಳುತ್ತೇನೆ. ದನ ಕಟ್ಟಿದ ಮನೆಗಳಲ್ಲಿ ಅವು ಮೇವು ಮುಟ್ಟದೆ ಮನೆಯವರು ಊಟಕ್ಕೆ ಕೂರುವುದಿಲ್ಲ, ಹಳಬರು ಈಗಲೂ ಹಾಗೆಯೇ. ಆಕ್ಟೋಪಸ್‌ಗೂ ಅದು ಅನ್ವಯಿಸುತ್ತದೆಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಡಾಕ್ಟ್ರು ಬಿಳಿಚಿಕೊಂಡರು. "ಅವ್ವ, ಸಕ್ಕರೆ ಮಾತ್ರೆ ತಗೊಂಡು ಊಟ ಬಿಟ್ರೆ ತಲೆ ಸುತ್ತಿ ಬಿದ್ದೋಗ್ತೀಯ!"

"ಹಾಲು ಕುಡಿತೀನಿ, ಎಳನೀರು ಕುಡಿತೀನಿ. ಅನ್ನ ಮುದ್ದೆ ಮುಟ್ಟಾಕಿಲ್ಲ."

ಡಾಕ್ಟ್ರು ನನ್ನನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ನೋಡ್ರೀ, ಅವ್ವ ಹಟ ಹಿಡಿದ್ರೆ ಬಿಡೋರಲ್ಲ. ಅವರ ಊಟ ಈಗ ನಿಮ್ಮ ಕೈಲಿದೆ. ಏನ್ ಮಾಡ್ತೀರೋ ಮಾಡಿ, ಅದು ತಿನ್ಬೇಕು." ಮೀನು ಸತ್ತರೆ ಇನ್ನೊಂದು ಮೀನು ಕೊಡಬಹುದು. ಡಾಕ್ಟ್ರ ತಾಯಿಗೆ ಏನಾದರೂ ಆದರೆ ನಾನು ಏನು ಕೊಡಲಿ?

ಒಳಗೆ ಬಂದು ನೋಡಿದರೆ ತೊಟ್ಟಿಯ ನೀರು ಮಣ್ಣು ಬಣ್ಣಕ್ಕೆ ತಿರುಗಿತ್ತು. ಅವ್ವ ಮೇಲಿನಿಂದ ರಾಗಿ ಮುದ್ದೆ ತಂದು, ಗೋಲಿಯಷ್ಟು ಗೋಲಿಯಷ್ಟು ಉಂಡೆ ಮಾಡಿ ಹಾಕಿದ್ದರು. ಎಲ್ಲ ಕರಗಿಹೋಗಿತ್ತು. ಅವ್ವ ಬೇಸರ ಮಾಡಿಕೊಂಡಿರಲಿಲ್ಲ. ಇನ್ನೊಂದು ಕೈಯಲ್ಲಿ ಸೌಟು ಹಿಡಿದಿದ್ದರು.

"ಬರೀ ಮುದ್ದೆ ಹೆಂಗ್ ಇಳೀತದೆ ಬುಡು, ನಮ್ಗೇ ಇಳ್ಯಕ್ಕಿಲ್ಲ" ಎನ್ನುತ್ತ ತೊಟ್ಟಿಯ ಮೇಲೆ ಸೌಟು ಬಗ್ಗಿಸಿದರು. "ವಸಿ ಸಾರು ಬುಡ್ತೀನಿ ತಡಿ."

೪. ಅಕ್ಕನ ಕ್ಯಾರಿಯರು

ಏಡಿ ಬೇಕಾದರೆ ಕೆ.ಆರ್. ನಗರದ ನಾಲೆ ಬಯಲಿಗೆ ಹೋಗಬೇಕು. ಅಲ್ಲಿ ಭತ್ತದ ಗದ್ದೆಯ ಬದುಗಳಲ್ಲಿ ಬಿಲ ತೋಡಿಕೊಂಡು ಬೇಕಾದಷ್ಟಿರುತ್ತವೆ. ನನ್ನ ಅಕ್ಕನನ್ನು ಕೊಟ್ಟಿರುವುದೂ ಆ ಕಡೆಯ ಹಳ್ಳಿಗೇ. ಅವತ್ತೇ ಸಂಜೆ ಫೋನ್ ಮಾಡಿದೆ.

"ಅಕ್ಕ, ನಾಳೆ ಹೊತ್ತಿಗೆ ಒಂದಿಪ್ಪತ್ತು ಏಡಿ ಹಿಡಿಸಿಡು. ಡಾಕ್ಟ್ರ ಮನೇಲಿ ಒಂದು ಪಾಪದ್ದು ನಾಲ್ಕು ದಿನದಿಂದ ಏನೂ ತಿಂದಿಲ್ಲ."

"ಅಯ್ಯೋ ಪಾಪವೇ! ಬಾ, ಮಾಡಿಸಿಡ್ತೀನಿ" ಎಂದಳು.

ಮಂಗಳವಾರ ಹೋದೆ. ಅಕ್ಕ ನಾಲ್ಕು ಡಬ್ಬಿಯ ಊಟದ ಕ್ಯಾರಿಯರು ತಂದು ಕೈಗಿಟ್ಟಳು. ಬಿಸಿ ಇತ್ತು.

"ಏನಕ್ಕ ಇದು?"

"ಏಡಿ ಸಾರು. ಮೆಣಸು ಬೆಳ್ಳುಳ್ಳಿ ಜಜ್ಜಾಕಿ ಕುದಿಸಿವ್ನಿ. ನಾಕು ದಿವ್ಸದಿಂದ ಉಂಡಿಲ್ಲ ಅಂದ್ಯಲ್ಲ, ಅದಕ್ಕೆ ಖಾರ ಕಮ್ಮಿ. ಕೆಳಗಿನ ಡಬ್ಬೀಲಿ ಮೆತ್ತಗಿನ ಅನ್ನ ಅದೆ. ಬಿಸಿಬಿಸಿ ಕುಡಿಸು, ನೆಗಡಿ ಗಿಗಡಿ ಇದ್ರೂ ಇಳ್ದೋಯ್ತದೆ."

ತಪ್ಪು ಅವಳದಲ್ಲ. ನಮ್ಮ ಕಡೆ ಮೈ ಹುಷಾರಿಲ್ಲದವರಿಗೆ ಏಡಿ ಸಾರು ಮಾಡಿಕೊಡುವುದು ವಾಡಿಕೆ. ಡಾಕ್ಟ್ರ ಮನೆ, ಪಾಪದ್ದು, ಊಟ ಬಿಟ್ಟಿದೆ ಎಂದರೆ ಅವಳಾದರೂ ಏನು ತಿಳಿದುಕೊಳ್ಳಬೇಕು? ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ವಿವರಿಸಿದೆ. ಎಂಟು ಕೈ, ಮೂರು ಹೃದಯ, ಮೈಯಲ್ಲಿ ಒಂದೂ ಮೂಳೆಯಿಲ್ಲ, ಹಸಿ ಏಡಿಯನ್ನೇ ತಿನ್ನಬೇಕು. ಹೃದಯದ ವಿಷಯ ಮೇಷ್ಟ್ರು ಹೇಳಿದ್ದು. ಅಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು. ನಡುಗಿಹೋಗಿದ್ದಾಳೆ ಎಂದುಕೊಂಡೆ.

"ಮೂಳೇನೇ ಇಲ್ವೇನ್ಲಾ?"

"ಒಂದೂ ಇಲ್ಲಕ್ಕ."

"ಥೂ ದಡ್ಡ, ಅದಕ್ಕೋಸ್ಕರ ಏಡಿ ಯಾಕ್ ಸಾಯಿಸ್ತೀಯ. ಅದ್ನೇ ಇಲ್ಲಿಗೆ ತಂದಿದ್ರೆ ಸಾರು ಮಾಡ್ತಿದ್ದೆ, ನಿಮ್ ಭಾವ ಹಲ್ಲಿಲ್ದೆ ಇದ್ರೂ ಉಣ್ಣೋರು."

೫. ಪಿರಿಯಾಪಟ್ಟಣದ ಕೈ

ಬುಧವಾರ ಬೆಳಿಗ್ಗೆ ಅಕ್ಕ ಬಸ್ಸಿನಲ್ಲಿ ಜೀವಂತ ಏಡಿ ಕಳಿಸಿದಳು. ರೂಪಾಯಿ ನಾಣ್ಯದಷ್ಟು ಅಗಲದ ಇಪ್ಪತ್ತು ಸಣ್ಣ ಏಡಿ, ಬಕೆಟ್ಟಿನಲ್ಲಿ, ಮೇಲೆ ಒದ್ದೆ ಗೋಣಿಚೀಲ. ಬಕೆಟ್ಟನ್ನು ತೊಟ್ಟಿಯ ಕೆಳಗಿಟ್ಟು, ಒಂದಕ್ಕೆ ದಾರ ಕಟ್ಟಿ, ಸೋಮವಾರವೇ ನೀರು ಬದಲಿಸಿದ್ದ ತೊಟ್ಟಿಗೆ ಇಳಿಬಿಟ್ಟೆ. ಡಾಕ್ಟ್ರು, ಅವ್ವ, ನಾನು, ಹೊರಗಿನ ರೋಗಿಗಳು ಎಲ್ಲರೂ ಗಾಜಿಗೆ ಮೂಗೊತ್ತಿ ನಿಂತೆವು. ಆಕ್ಟೋಪಸ್ ನಮ್ಮನ್ನು ಒಂದು ಸುತ್ತು ನೋಡಿ ಶಂಖದೊಳಗೆ ಹೋಗಿ, ಒಂದು ಕಲ್ಲೆಳೆದು ಬಾಗಿಲು ಹಾಕಿಕೊಂಡಿತು.

ಗುರುವಾರವೂ ಅದೇ ಕಥೆ. ಆಗ ಪಿರಿಯಾಪಟ್ಟಣ ಕಡೆಯ ರೈತರೊಬ್ಬರು ಕಟ್ಟಿಸುವ ಹಲ್ಲಿನ ಅಳತೆ ಕೊಡಲು ಬಂದರು. ಹೊಗೆಸೊಪ್ಪಿನ ಕಾಲ, ಮನೆಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದವರು ಎದ್ದು ಹಾಗೇ ಬಸ್ಸು ಹತ್ತಿದ್ದರು. ಆ ಸೊಪ್ಪಿನ ಅಂಟು ಎಂಥದು ಎಂದರೆ, ಹುಣಸೆಹಣ್ಣು ಹಾಕಿ ಉಜ್ಜಿದರೂ ಕೈ ಕಪ್ಪಗೇ ಇರುತ್ತದೆ.

ನಮ್ಮ ದಾರದ ಕುಣಿತ ನೋಡಿ ಅವರಿಗೆ ಮರುಕ ಹುಟ್ಟಿತು. "ಅಂಗಲ್ಲ ಕಣ್ರೀ. ಕೈಯಾರ ಕೊಡ್ಬೇಕು. ನನ್ ಕೈಲಾದ್ರೆ ಎಂಥಾ ಹಟಮಾರಿ ಎಮ್ಮೆನೂ ತಿಂತದೆ" ಎಂದವರೇ, ನಾವು ಬೇಡ ಎನ್ನುವಷ್ಟರಲ್ಲಿ ಏಡಿ ಹಿಡಿದು ಕೈಯನ್ನು ನೀರಿಗೆ ಇಳಿಸಿಬಿಟ್ಟರು.

ಬೆರಳುಗಳಿಂದ ಚಹಾ ಬಣ್ಣದ ಎಳೆಗಳು ನೀರಿನಲ್ಲಿ ಹರಡಿದವು. ಶಂಖದಿಂದ ಇಣುಕಿದ ಆಕ್ಟೋಪಸ್ ಸುಣ್ಣದಂತೆ ಬೆಳ್ಳಗಾಯಿತು. ಎಂಟು ಕೈಯೂ ಜೋತುಬಿದ್ದವು. ಹೊಗೆಸೊಪ್ಪಿನ ಕಷಾಯ ಸಿಂಪಡಿಸಿ ಹುಳು ಸಾಯಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈಗ ಆ ಹುಳುವಿನ ಜಾಗದಲ್ಲಿ ಇದಿತ್ತು, ಇದರ ಹಿಂದೆ ಅವ್ವ ಇದ್ದರು.

ಪುಣ್ಯಕ್ಕೆ ಮೂರು ಕ್ಯಾನು ಸಮುದ್ರದ ನೀರು ಉಳಿದಿತ್ತು. ನಾನು ಒಂದು ಜಗ್ಗಿಗೆ ಆ ನೀರು ತುಂಬಿ ಆಕ್ಟೋಪಸನ್ನು ಅದರೊಳಗೆ ಬಿಟ್ಟೆ. ಡಾಕ್ಟ್ರು ರೋಗಿಗಳ ಬಾಯಿಯ ಎಂಜಲು ಎಳೆಯುವ ಯಂತ್ರದ ಕೊಳವೆಯನ್ನು ತೊಟ್ಟಿಗೆ ಇಳಿಸಿ ಕೆಟ್ಟ ನೀರು ಎಳೆಯತೊಡಗಿದರು. ರೈತರು ಒದ್ದೆ ಕೈಯನ್ನು ಮೇಲೆತ್ತಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

"ನಲ್ವತ್ತು ವರ್ಸದಿಂದ ಈ ಸೊಪ್ಪಿನಲ್ಲೇ ಇವ್ನಿ ಸಾರ್, ನಂಗೇನೂ ಆಗಿಲ್ವಲ್ಲ" ಎಂದರು. ಡಾಕ್ಟ್ರು ಅವರ ತೆರೆದ ಬಾಯಿಯ ಕಡೆ ಒಮ್ಮೆ ನೋಡಿದರು. ಅಲ್ಲಿ ಒಂದು ಹಲ್ಲೂ ಇರಲಿಲ್ಲ.

ಮಿಕ್ಕ ಕ್ಯಾನುಗಳ ನೀರನ್ನು ತೊಟ್ಟಿಗೆ ಸುರಿಯುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಆಮೇಲೆ ಜಗ್ಗಿನಲ್ಲಿ ಒಂದು ಕೈಯ ತುದಿ ಅಲುಗಿತು. ಬಿಳಿ ಬಣ್ಣ ಹೋಗಿ ಕಂದು ಬಂತು, ಕಂದು ಹೋಗಿ ಕೆಂಪು ಬಂತು. ರೈತರು ಕಣ್ಣೊರೆಸಿಕೊಂಡು, ಬದುಕಿದೆಯಾ ಎಂದು ಬಗ್ಗಿ ನೋಡಿದರು. ಪಿಚಕಾರಿಯ ಹಾಗೆ ಒಂದು ಧಾರೆ ನೀರು ನೇರ ಅವರ ಮುಖಕ್ಕೆ ಬಡಿಯಿತು.

ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಬಹಳ ವಿನಯದಿಂದ ಹೇಳಿದರು. "ಕೈ ತೊಳ್ಕೊಂಡ್ ಬಾ ಅಂತದೆ."

೬. ಬಾಯಿ

ಶುಕ್ರವಾರ ಅವ್ವನ ಅಣ್ಣ ಎಚ್.ಡಿ. ಕೋಟೆ ಕಡೆಯ ಹ್ಯಾಂಡ್‌ಪೋಸ್ಟ್ ಊರಿನಿಂದ ಬಸ್ಸು ಹತ್ತಿ ಬಂದರು. ತಂಗಿ ಐದು ದಿನದಿಂದ ಊಟ ಬಿಟ್ಟಿದ್ದಾಳೆ ಎಂದು ಡಾಕ್ಟ್ರೇ ಕರೆಸಿದ್ದರು. ಮೇಲೆ ಹೋಗಿ ಬೇಡಿಕೊಂಡರು, ಬೈದರು, ನೀನು ಉಣ್ಣದಿದ್ದರೆ ನಾನೂ ಉಣ್ಣುವುದಿಲ್ಲ ಎಂದರು. "ಸರಿ ಬುಡಣ್ಣ" ಎಂದರಂತೆ ಅವ್ವ. ಹಸಿದ ಹೊಟ್ಟೆಯಲ್ಲೇ ಕೆಳಗೆ ಇಳಿದುಬಂದು, ಇಷ್ಟಕ್ಕೆಲ್ಲ ಕಾರಣವಾದದ್ದನ್ನು ತೋರಿಸಿ ಎಂದರು. ತೋರಿಸಿದೆವು. ನಾನು ಏಡಿಯನ್ನು ಅದರ ಕಣ್ಣ ಮುಂದೆ ಆಡಿಸುತ್ತಿದ್ದೆ.

ಅವರು ಸ್ವಲ್ಪ ಹೊತ್ತು ನೋಡಿ ಕೇಳಿದರು. "ಇದರ ಬಾಯೆಲ್ಲದೆ?"

ನಾನು ಡಾಕ್ಟ್ರ ಮುಖ ನೋಡಿದೆ. ಡಾಕ್ಟ್ರು ನನ್ನ ಮುಖ ನೋಡಿದರು. ಕಣ್ಣಿನ ಕೆಳಗೆ ಬಾಯಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ತಲೆಯಂತಿದ್ದ ಗುಂಡಿನ ಸುತ್ತ ಹುಡುಕಿದೆವು, ಅಲ್ಲೂ ಇಲ್ಲ. ಮೇಷ್ಟ್ರಿಗೆ ಫೋನ್ ಮಾಡಿದರೆ ಅವರು ನಕ್ಕರು. ಬಾಯಿ ಇರುವುದು ಅಡಿಯಲ್ಲಿ, ಎಂಟು ಕೈಗಳೂ ಕೂಡುವ ನಡುವೆ, ಗಿಳಿಯ ಕೊಕ್ಕಿನ ಹಾಗೆ. ಅಂದರೆ ಇಷ್ಟು ದಿನ ನಾವು ಅದರ ಹಣೆಗೆ ಊಟ ಮಾಡಿಸುತ್ತಿದ್ದೆವು.

ಅವ್ವನ ಅಣ್ಣ ಗೋಡೆಯ ಮೇಲಿದ್ದ ಹಲ್ಲಿನ ಚಿತ್ರಗಳನ್ನೂ ಸೋದರಳಿಯನನ್ನೂ ಬದಲಿಸಿ ಬದಲಿಸಿ ನೋಡಿದರು. "ಮಗ, ನೀನು ಓದಿರೋದು ಬಾಯಿ ಡಾಕ್ಟ್ರಿಗೇ ಅಲ್ವಾ?"

ಅವರು ಹೋದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. "ಸಾರ್, ನಿಜ ಹೇಳಿಬಿಡ್ತೀನಿ. ಸಮುದ್ರದ ತೊಟ್ಟಿ ನನಗೆ ಗೊತ್ತಿಲ್ಲ. ಗೊತ್ತು ಅಂತ ಸುಳ್ಳು ಹೇಳಿದೆ" ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

"ಅದು ಮೊದಲನೇ ದಿನವೇ ಗೊತ್ತಾಯ್ತು ಕಣ್ರೀ" ಎಂದರು ಡಾಕ್ಟ್ರು. "ಉಪ್ಪು ಸರಿಯಿದೆಯಾ ಅಂತ ನೀವು ತೊಟ್ಟಿ ನೀರು ನೆಕ್ಕಿ ನೋಡಿ, 'ಒಂದು ಚೂರು ಹುಳಿ ಕಮ್ಮಿ' ಅಂದ್ರಲ್ಲ, ಆಗಲೇ."

೭. ಭಾಗಗಳನ್ನು ಗುರುತಿಸಿದ ಚಿತ್ರ

ಶನಿವಾರಕ್ಕೆ ಎರಡು ವಿಚಿತ್ರಗಳು ಒಟ್ಟಿಗೆ ಸೇರಿದವು. ಒಂದು, ಬಕೆಟ್ಟಿನ ಏಡಿಗಳು ಕಡಿಮೆಯಾಗುತ್ತಿದ್ದವು. ಇಪ್ಪತ್ತಿದ್ದವು ಹದಿಮೂರಕ್ಕೆ ಇಳಿದಿದ್ದವು. ಬೆಕ್ಕು ಬರುತ್ತಿರಬೇಕು ಎಂದು ಡಾಕ್ಟ್ರು ಕಿಟಕಿ ಮುಚ್ಚಿಸಿದರು. ಎರಡು, ಉಪವಾಸವಿದ್ದ ಆಕ್ಟೋಪಸ್ ಸೊರಗುವ ಬದಲು ದುಂಡಗಾಗುತ್ತಿತ್ತು. ಹಸಿವಿಗೆ 'ಬಾವು ಬಂದಿದೆ' ಎಂದುಕೊಂಡು ನಾವು ಇನ್ನೂ ಹೆದರಿದೆವು. ಅವ್ವ ಮಾತ್ರ ಗೋಡೆ ಹಿಡಿದು ನಿಧಾನ ನಡೆಯುತ್ತಿದ್ದರು. ಡಾಕ್ಟ್ರು ದಿನಕ್ಕೆ ಮೂರು ಸಲ ಮೇಲೆ ಹೋಗಿ, ಒಂದು ತುತ್ತಾದರೂ ತಿನ್ನು ಎಂದು ಕಾಲು ಹಿಡಿಯುತ್ತಿದ್ದರು. ಸಕ್ಕರೆ ಪರೀಕ್ಷೆ ಮಾಡಿಸೋಣ ಎಂದರೆ ಬೆರಳು ಮುಟ್ಟಲೂ ಬಿಡುತ್ತಿರಲಿಲ್ಲ. ಸೋಮವಾರದ ಹೊತ್ತಿಗೂ ತಿನ್ನದಿದ್ದರೆ ಮೀನಿನ ಗಾಡಿಯಲ್ಲಿ ಸಮುದ್ರಕ್ಕೆ ವಾಪಸು ಕಳಿಸುವುದು ಎಂದು ತೀರ್ಮಾನಿಸಿದೆವು.

ಅವತ್ತು ಮಧ್ಯಾಹ್ನ ಪ್ರೌಢಶಾಲೆಯ ವಿಜ್ಞಾನದ ಟೀಚರೊಬ್ಬರು ದವಡೆ ಹಲ್ಲು ಕೀಳಿಸಲು ಬಂದಿದ್ದರು. ಬಾಯಿ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಹತ್ತಿ ತುರುಕಿ, ಡಾಕ್ಟ್ರು ಅವರಿಗೆ ಬೆನ್ನು ಮಾಡಿ ಇಕ್ಕಳ ಜೋಡಿಸಿಕೊಳ್ಳುತ್ತಿದ್ದರು. ನಾನು ಬಾಗಿಲ ಹೊರಗೆ ಕುಳಿತಿದ್ದೆ. ಇದ್ದಕ್ಕಿದ್ದಂತೆ ಒಳಗಿನಿಂದ "ಆ! ಆ! ಆಆ!" ಎಂದು ಕೂಗು ಕೇಳಿತು.

"ನೋವಾಗ್ತಿದೆಯೇನಮ್ಮ? ಇನ್ನೂ ಮುಟ್ಟೇ ಇಲ್ವಲ್ಲ."

"ಆಆ! ಊಊ!" ಟೀಚರು ತೊಟ್ಟಿಯ ಕಡೆ ಕೈ ಚಾಚಿ ಕುರ್ಚಿಯಲ್ಲೇ ಎದ್ದು ಕೂತರಂತೆ.

"ಹೆದರ್ಬೇಡಿ" ಎಂದು ಡಾಕ್ಟ್ರು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಇದ್ದಬದ್ದ ಮಾತೂ ನಿಂತುಹೋಯಿತು.

ಆ ಪುಣ್ಯಾತ್ಗಿತ್ತಿ ಅಷ್ಟಕ್ಕೆ ಬಿಡಲಿಲ್ಲ. ಮೇಜಿನ ಮೇಲಿದ್ದ ಚೀಟಿ ಪುಸ್ತಕ ಎಳೆದುಕೊಂಡು, ಪೆನ್ನು ತೆಗೆದು, ಚಿತ್ರ ಬರೆದರು. ಡಾಕ್ಟ್ರು ನನ್ನನ್ನು ಕರೆದರು. ಇಬ್ಬರೂ ನೋಡಿದೆವು. ತೊಟ್ಟಿ, ಅದರ ಮುಚ್ಚಳದಲ್ಲಿ ಗಾಳಿ ಕೊಳವೆಗೆ ಬಿಟ್ಟ ಸಂದು, ಕೆಳಗೆ ಬಕೆಟ್ಟು. ಸಂದಿನಿಂದ ಬಕೆಟ್ಟಿಗೆ ಒಂದು ಬಾಣದ ಗುರುತು, ಬಕೆಟ್ಟಿನಿಂದ ಸಂದಿಗೆ ಇನ್ನೊಂದು. ಎರಡನೆಯ ಬಾಣದ ಮೇಲೆ ಎಂಟು ಕೈ ಮತ್ತು ಒಂದು ಏಡಿ. ಪ್ರತಿಯೊಂದಕ್ಕೂ ಗೆರೆ ಎಳೆದು ಭಾಗಗಳನ್ನು ಗುರುತಿಸಿದ್ದರು: ಮುಚ್ಚಳ, ಸಂದು, ಗೋಣಿಚೀಲ, ಏಡಿ, ಕಳ್ಳ. ಕೆಳಗೆ ಗುಂಡನೆಯ ಅಕ್ಷರದಲ್ಲಿ 'ಅವಧಿ: ಎರಡು ನಿಮಿಷ' ಎಂದೂ ಬರೆದಿದ್ದರು.

ನಾನು ತೊಟ್ಟಿಗೆ ಓಡಿದೆ. ಉದ್ದ ಇಕ್ಕಳದಿಂದ ಹಿಂದಿನ ಕಲ್ಲನ್ನು ಸರಿಸಿ ನೋಡಿದೆ. ಕಲ್ಲಿನ ಹಿಂದೆ ಏಳು ಏಡಿಗಳ ಚಿಪ್ಪು, ಒಳಗಿನದೆಲ್ಲ ಚೊಕ್ಕಟವಾಗಿ ತಿಂದು, ತೊಳೆದಿಟ್ಟ ತಟ್ಟೆಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ನಾವು ಊಟ ಕೊಡುವಾಗ ಬಾಗಿಲು ಹಾಕಿಕೊಂಡು, ನಾವು ಆಚೆ ತಿರುಗಿದಾಗ ತಾನೇ ಇಳಿದು ಹೋಗಿ ಬಡಿಸಿಕೊಂಡು ಬರುತ್ತಿತ್ತು ಇದು!

"ಅವ್ವ!" ಎಂದರು ಡಾಕ್ಟ್ರು. ಇಕ್ಕಳ ಎಸೆದು ಮೆಟ್ಟಿಲು ಹತ್ತಿದರು. ನಾನೂ ಹಿಂದೆ ಓಡಿದೆ. ಆರು ದಿನದಿಂದ ಹೊಟ್ಟೆಗಿಲ್ಲದ ಜೀವಕ್ಕೆ ಈ ಸುದ್ದಿ ಒಂದು ಕ್ಷಣ ಮೊದಲು ಮುಟ್ಟಿದರೂ ಅಷ್ಟೇ ಪುಣ್ಯ ಎಂದು ನನಗನಿಸಿತು. "ಅವ್ವ, ತಿಂತು! ಅದು ತಿಂತಾ ಇದೆ! ನೀನಿನ್ನು ಊಟ ಮಾಡ್ಬಹುದು!" ಎಂದು ಕೂಗುತ್ತ ಡಾಕ್ಟ್ರು ಅಡುಗೆಮನೆ ಬಾಗಿಲು ತಳ್ಳಿದರು.

ಅವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮುಂದೆ ತಟ್ಟೆ. ತಟ್ಟೆಯಲ್ಲಿ ಅರ್ಧ ಮುಗಿದ ಮುದ್ದೆ, ಉಪ್ಸಾರು, ಪಕ್ಕದಲ್ಲಿ ಬಾಯಿ ತೆರೆದ ಉಪ್ಪಿನಕಾಯಿ ಬಾಟಲಿ.

ಡಾಕ್ಟ್ರು ಕಂಬದ ಹಾಗೆ ನಿಂತರು. "ಅವ್ವ... ಇದು?"

"ಊಟ" ಎಂದರು ಅವ್ವ. ತುತ್ತು ನುಂಗಿ, ನೀರು ಕುಡಿದು, ಮುಂದುವರಿಸಿದರು. "ಅದು ಬುಧವಾರದಿಂದ್ಲೇ ತಿಂತಾ ಅದೆ. ಸಂಜೆ ನೀವ್ಯಾರೂ ಇಲ್ದಾಗ ನೋಡೋಣ ಅಂತ ಕೆಳಗೆ ಬಂದಿದ್ದೆ. ಅದು ಇಳ್ದು ಬಂದು, ಗೋಣಿ ಎತ್ತಿ, ಏಡಿ ತಗೊಂಡು ಹೋಯ್ತು. ಅದು ಉಂಡ್ಮೇಲೆ ನಾನ್ಯಾಕೆ ಹಸ್ಕೊಂಡಿರ್ಲಿ?"

"ನನಗೊಂದು ಮಾತು ಹೇಳಬಾರದಿತ್ತಾ ಅವ್ವ! ಪಾಪ, ಮಾವ ಹಸ್ಕೊಂಡೇ ವಾಪಸ್ ಹೋದ್ರು!"

"ಹೇಳಿದ್ರೆ ಆ ಬಕೆಟ್ ಎತ್ತಿಟ್ಟು, ಮತ್ತೆ ದಾರ ಕಟ್ಟಿ ಕುಣಿಸೋಕ್ ನಿಂತ್ಕತಿದ್ರಿ. ಊರೋರೆಲ್ಲ ಬಾಯಿ ನೋಡ್ತಾ ನಿಂತ್ರೆ ಯಾರು ಉಣ್ತಾರೆ? ಉಣ್ಣೋರ್ನ ಉಣ್ಣಕ್ ಬುಡ್ಬೇಕು ಅಂತ ಸುಮ್ಕಿದ್ದೆ."

ಡಾಕ್ಟ್ರ ಬಾಯಿ ತೆರೆದೇ ಇತ್ತು, ಕೆಳಗೆ ಕುರ್ಚಿಯಲ್ಲಿದ್ದ ಟೀಚರಿನ ಹಾಗೆಯೇ. ಗೋಡೆ ಹಿಡಿದು ನಡೆಯುತ್ತಿದ್ದ ಅವ್ವ ತಟ್ಟನೆ ಎದ್ದು, ತಟ್ಟೆಯನ್ನು ನಲ್ಲಿಯ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಎಂಟು ಕೈ ಇಟ್ಕೊಂಡು ಅದು ಸಿಕ್ಕಾಕ್ಕೊಂಡ್ತಲ್ಲಪ್ಪ" ಎಂದರು. "ನಾನು ಒಂದೇ ಕೈಲಿ ಮೂರು ದಿವ್ಸ ಉಂಡಿವ್ನಿ, ಒಬ್ರಿಗಾದ್ರೂ ಗೊತ್ತಾಯ್ತಾ?"